ಚಿಲಕಕ್ಕೆ ಎಷ್ಟುದ್ದದ ಸ್ಕ್ರೂ ಬೇಕು?

ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಅವಳು ಹದಿನಾರು ವರ್ಷದಿಂದ ಹಾಸುಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಾಳೆ. ಮನೆಗೆ ಬಂದರೆ ಗಂಡನ ಅಂಗಿಗಳು ಕಾದಿರುತ್ತವೆ. ಮರಗೆಲಸ ಕಲಿತದ್ದು ಬರೀ ಹಟದಿಂದ. ಅಡುಗೆಮನೆಗೆ ಒಂದು ಹಲಗೆ ಹೊಡೆದುಕೊಡುತ್ತೇನೆಂದು ಗಂಡ ನಾಲ್ಕು ವರ್ಷ ಹೇಳಿದ. ಐದನೆಯ ವರ್ಷ ಅವಳೇ ಹೊಡೆದಳು. ಹಲಗೆ ಎಡಕ್ಕೆ ವಾಲಿತು. ಸಕ್ಕರೆ ಡಬ್ಬಿ ತಾನಾಗಿ ಜಾರಿ ಉಪ್ಪಿನ ಡಬ್ಬಿಗೆ ಒರಗುತ್ತಿತ್ತು. "ಬರದ ಕೆಲಸಕ್ಕೆ ಯಾಕೆ ಕೈ ಹಾಕಬೇಕು?" ಅಂದ ಗಂಡ, ಅದೇ ಡಬ್ಬಿಯಿಂದ ಸಕ್ಕರೆ ತೆಗೆದುಕೊಳ್ಳುತ್ತಾ.

ಆ ಹಲಗೆಯನ್ನು ನೆಟ್ಟಗೆ ಮಾಡಬೇಕೆಂದೇ ಅವಳು ಮೇಷ್ಟ್ರ ಶೆಡ್ಡಿಗೆ ಹೋದದ್ದು. ನಿವೃತ್ತ ಮೇಷ್ಟ್ರು ಕಾರು ಮಾರಿ, ಅದು ನಿಲ್ಲುತ್ತಿದ್ದ ಜಾಗದಲ್ಲಿ ಮರಗೆಲಸದ ಮೇಜು ಹಾಕಿದ್ದರು. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುವವರು ಯಾರೂ ಬಡಗಿಗಳಲ್ಲ. ಒಬ್ಬ ಬಸ್ ಡ್ರೈವರ್, ಒಬ್ಬರು ಹಲ್ಲಿನ ಡಾಕ್ಟರು, ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸಮ್ಮ. ಒಂದು ಗೆರೆ ಎಳೆಯಲು ಮೂರು ಸಲ ಅಳೆಯುತ್ತಾಳೆಂದು ಡ್ರೈವರ್ ಇವಳಿಗೆ ಅಳತೆಯಕ್ಕ ಎಂದು ಹೆಸರಿಟ್ಟ. ಹೆಸರು ನಿಂತುಬಿಟ್ಟಿತು.

ಶೆಡ್ಡಿನಲ್ಲಿ ಒಂದು ನಿಯಮವಿತ್ತು. ಚಹಾದ ಹೊತ್ತಿಗೆ ಪ್ರತಿಯೊಬ್ಬರೂ ಒಂದೇ ಒಂದು ಪ್ರಶ್ನೆ ಕೇಳಬಹುದು: ಯಾವ ಅಂಟು ಹಿಡಿಯುತ್ತದೆ, ಯಾವ ಗರಗಸ ಕೊಳ್ಳಬಾರದು, ಇಂಥವು. ಉಳಿದವರು ಗೊತ್ತಿದ್ದದ್ದನ್ನು ಹೇಳಬೇಕು. ಯಾಕೆ ಎಂದು ಮಾತ್ರ ಕೇಳುವಂತಿಲ್ಲ. ಹಿಂದೊಮ್ಮೆ ಡಾಕ್ಟರು ಮೂರು ಕಾಲಿನ ಸ್ಟೂಲಿಗೆ ಅಳತೆ ಕೇಳಿದಾಗ, ನಾಲ್ಕನೆಯ ಕಾಲು ಯಾಕಿಲ್ಲ ಎಂದು ಒಂದು ಬೆಳಗು ಪೂರ್ತಿ ಜಗಳವಾಗಿ, ಮೇಷ್ಟ್ರು ಮಾಡಿದ ನಿಯಮ ಅದು. ಚಹಾ ಸರದಿಯ ಮೇಲೆ. ಕಪ್ಪುಗಳನ್ನು ಮಾತ್ರ, ಯಾರ ಸರದಿಯಿದ್ದರೂ, ಇಬ್ಬರು ಹೆಂಗಸರೇ ತೊಳೆಯುತ್ತಿದ್ದರು. ಅದಕ್ಕೆ ನಿಯಮವೇನೂ ಬೇಕಾಗಿರಲಿಲ್ಲ.

ಆ ಭಾನುವಾರ ಅವಳು ಮಗಳನ್ನೂ ಕರೆತಂದಿದ್ದಳು. ಹುಡುಗಿ ಅಂಗಳದಲ್ಲಿ ಮೇಷ್ಟ್ರ ನಾಯಿಯ ಜೊತೆ ಕುಳಿತಳು.

ಮೂರು ವಾರದ ಹಿಂದೆ ಅವಳ ಮೈದುನ ಬಂದಿದ್ದ. ಕೆಲಸ ಬಿಟ್ಟಿದ್ದ, "ಒಂದೆರಡು ದಿನ" ಅಂದಿದ್ದ. ಅವನ ತಟ್ಟೆ, ಅವನ ಟವೆಲ್ಲು, ಅವನ ಒದ್ದೆ ಬನಿಯನ್ನು ಎಲ್ಲ ಇವಳ ಪಾಲಿಗೆ ಬಂದವು. ಬೈದುಕೊಂಡು ಮಾಡಿದಳು. ಹೆದರಿಕೆ ಶುರುವಾದದ್ದು ಹೋದ ವಾರ. ಹದಿಮೂರರ ಮಗಳು ಶಾಲೆಯಿಂದ ಮೂರಕ್ಕೆ ಬರುತ್ತಾಳೆ, ಇವಳು ಕೆಲಸದಿಂದ ಆರಕ್ಕೆ, ಗಂಡ ಏಳಕ್ಕೆ. ಒಂದು ಸಂಜೆ ಬಂದು ನೋಡಿದರೆ ಮಗಳು ಯೂನಿಫಾರ್ಮಿನಲ್ಲೇ ಮಹಡಿಯ ಮೆಟ್ಟಿಲ ಮೇಲೆ ಕೂತು ಪಾಠ ಬರೆಯುತ್ತಿದ್ದಳು. "ಒಳಗೆ ಸೆಖೆ" ಅಂದಳು. ಮರುದಿನವೂ ಸೆಖೆ. ಮೂರನೆಯ ದಿನ ಮಳೆ ಬಂದಿತ್ತು, ಆದರೂ ಮೆಟ್ಟಿಲು.

"ಚಿಕ್ಕಪ್ಪ ತಟ್ಟದೇ ಬಾಗಿಲು ತೆಗೀತಾನೆ. ನಾನು ಬಟ್ಟೆ ಬದಲಿಸೋವಾಗ. ಚಾರ್ಜರ್ ಬೇಕು ಅಂತಾನೆ," ಎಂದಳು ಹುಡುಗಿ ಪುಸ್ತಕದಿಂದ ಕಣ್ಣೆತ್ತದೆ. "ಚಾರ್ಜರ್ ಹಾಲಲ್ಲೇ ಇರುತ್ತಮ್ಮ."

ಗಂಡನಿಗೆ ಹೇಳಿದಳು. "ಹಗ್ಗ ಕಂಡ್ರೂ ಹಾವು ಅಂತೀಯ. ಅವನೇ ಎತ್ತಿ ಆಡಿಸಿದ ಮಗು ಅದು. ಅವನಾದ್ರೂ ಎಲ್ಲಿಗೆ ಹೋಗಬೇಕು?" ಅಂದ. ಮಗಳ ಕೋಣೆಗೆ ಚಿಲಕವಿರಲಿಲ್ಲ. ಮಗು ಎರಡು ವರ್ಷದ್ದಿದ್ದಾಗ ಒಳಗಿನಿಂದ ಹಾಕಿಕೊಂಡು ಅತ್ತಿತೆಂದು ಗಂಡ ಕಿತ್ತಿದ್ದ. ಕೀಳುವ ಕೆಲಸವನ್ನು ಅವನು ಅದೇ ದಿನ ಮಾಡಿದ್ದ.

ನಾಳೆ ಸೋಮವಾರ. ನಾಳೆ ಮತ್ತೆ ಮೂರು ಗಂಟೆಯಾಗುತ್ತದೆ. ಚಹಾ ಬಂದಾಗ ಅವಳೇ ಮೊದಲು ಕೇಳಿದಳು.

"ಕೋಣೆ ಬಾಗಿಲಿಗೆ ಚಿಲಕ ಹಾಕಬೇಕು. ಎಷ್ಟುದ್ದದ ಸ್ಕ್ರೂ ತಗೊಳ್ಳಲಿ?"

ಎಲ್ಲರಿಗೂ ಹುರುಪು ಬಂತು. ಇಂಥ ಪ್ರಶ್ನೆ ಅವರಿಗೆ ಹಬ್ಬದೂಟ. "ಚಿಲಕದ ಜೊತೆ ಕೊಡೋ ಸ್ಕ್ರೂ ಎಸೆದುಬಿಡಿ, ಅವು ಹಲ್ಲಲ್ಲಿ ಸಿಕ್ಕಿಕೊಳ್ಳೋಕಷ್ಟೇ ಲಾಯಕ್ಕು," ಅಂದರು ಡಾಕ್ಟರು. "ಚೌಕಟ್ಟಿನ ಕಡೆಗೆ ಎರಡೂವರೆ ಇಂಚು," ಅಂದರು ಮೇಷ್ಟ್ರು. "ಬಾಗಿಲು ಗಟ್ಟಿ ಮರಾನೋ ಪೊಳ್ಳೋ?"

"ಪೊಳ್ಳು. ತಟ್ಟಿದ್ರೆ ಡಬ್ಬದ ಥರ ಸದ್ದು ಬರುತ್ತೆ."

ಡ್ರೈವರ್ ನಕ್ಕ. "ತಳ್ಳೋರ ತೂಕದ ಮೇಲೆ ಹೋಗುತ್ತೆ ಕಣಕ್ಕ. ಬೆಕ್ಕು ತಳ್ಳುತ್ತಾ, ಎಮ್ಮೆ ತಳ್ಳುತ್ತಾ?"

ಅಳತೆಯಕ್ಕ ತಮಾಷೆ ಎಂದು ತಿಳಿಯಲಿಲ್ಲ. ಅಳತೆ ಕೇಳಿದರೆ ಅಳತೆ ಹೇಳುವುದು ಅವಳ ಅಭ್ಯಾಸ.

"ಎಂಬತ್ತು ಕಿಲೋ ಇರಬಹುದು," ಅಂದಳು.

ಡ್ರೈವರ್ ಕಪ್ಪು ಕೆಳಗಿಟ್ಟ. ಹೊರಗೆ ಮಗಳು ನಾಯಿಗೆ ಏನೋ ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ನಿಯಮದ ನೆನಪು ಆಗ ಯಾರಿಗೂ ಇದ್ದಂತಿರಲಿಲ್ಲ.

"ಪೊಳ್ಳು ಬಾಗಿಲಿಗೆ..." ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಸುಳ್ಳು ಹೇಳಬಾರದಮ್ಮ. ಎಂಬತ್ತು ಕಿಲೋ ಭುಜ ಕೊಟ್ರೆ ಚಿಲಕ ನಿಲ್ಲುತ್ತೆ, ಬಾಗಿಲೇ ಹರಿಯುತ್ತೆ. ಸ್ಕ್ರೂ ಎಷ್ಟುದ್ದ ಇದ್ರೂ."

ಅವಳು ತಲೆಯಾಡಿಸಿದಳು. ಇನ್ನೊಂದು ಮಾತು ಕೇಳಬೇಕೆಂದು ಬಾಯಿ ತೆರೆದು ಮುಚ್ಚಿಕೊಂಡಳು. ಅವಳ ಪ್ರಶ್ನೆ ಮುಗಿದಿತ್ತು.

"ನನ್ನ ಪ್ರಶ್ನೆ ಇನ್ನೂ ಬಾಕಿ ಇದೆ," ಅಂದರು ನರ್ಸಮ್ಮ. ಅವರು ಮೇಷ್ಟ್ರನ್ನೇ ನೋಡುತ್ತಿದ್ದರು, ಅವಳನ್ನಲ್ಲ. "ಮುಂಬಾಗಿಲಿನ ಬೀಗದ ಒಳಗಿನ, ಕೀ ತೂರಿಸೋ ಸಿಲಿಂಡರ್ ಬದಲಿಸೋಕೆ ಎಷ್ಟು ಹೊತ್ತು ಬೇಕು? ಹಳೇ ಕೀ ಇಟ್ಟುಕೊಂಡಿರೋರು ಒಳಗೆ ಬರಬಾರದು, ಹಾಗೆ."

"ಇಪ್ಪತ್ತು ನಿಮಿಷ. ಒಂದೇ ಸ್ಕ್ರೂ," ಅಂದರು ಮೇಷ್ಟ್ರು. ಎದ್ದು, ಶೆಡ್ಡಿನ ಬಾಗಿಲಲ್ಲೇ ತೋರಿಸಿದರು: ಈ ಸ್ಕ್ರೂ ಬಿಚ್ಚು, ಕೀಯನ್ನು ಸ್ವಲ್ಪವೇ ತಿರುಗಿಸು, ಎಳೆ. ಅವಳಿಂದ ಎರಡು ಸಲ ಮಾಡಿಸಿದರು. ಎರಡನೆಯ ಸಲವೂ ಸ್ಕ್ರೂ ಅವಳ ಬೆರಳಿನಿಂದ ಜಾರಿ ಬಿತ್ತು.

"ಹಾರ್ಡ್‌ವೇರ್ ಅಂಗಡಿ ಒಂದು ಗಂಟೆವರೆಗೂ ತೆಗೆದಿರುತ್ತೆ," ಅಂದ ಡ್ರೈವರ್.

"ನಾನೂ ಬರಲಾ?" ಎಂದರು ನರ್ಸಮ್ಮ.

"ಬೇಡ. ನೆಂಟರು ಬಂದ್ರು, ಚಹಾ ಮಾಡು ಅಂತಾರೆ ನಮ್ಮನೆಯವರು. ಕೆಲಸ ನಿಲ್ಲುತ್ತೆ."

ಮನೆಯಲ್ಲಿ ಮೈದುನ ಇರಲಿಲ್ಲ. ಗೆಳೆಯನ ಮನೆಗೆ ಮ್ಯಾಚ್ ನೋಡಲು ಹೋಗಿದ್ದ. ಗಂಡ ಸೋಫಾದ ಮೇಲಿದ್ದ. ಅವಳು ಮುಂಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಕುಳಿತಳು. ಮಗಳು ಹೊಸ ಸಿಲಿಂಡರಿನ ಜೊತೆ ಕೊಟ್ಟಿದ್ದ ಎರಡು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಳು.

"ಊಟ?" ಅಂದ ಗಂಡ.

"ಬೀಗ ಆದ್ಮೇಲೆ."

"ಬೀಗಕ್ಕೇನಾಗಿದೆ?"

ಅವಳು ಹಳೆಯ ಸಿಲಿಂಡರಿನ ಸ್ಕ್ರೂ ಬಿಚ್ಚತೊಡಗಿದಳು. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಅವಳ ಕೈ ನಿಲ್ಲುತ್ತಿತ್ತು. ಎದುರುಮನೆಯವರು ಹೋದರು, ನೀರಿನ ಕ್ಯಾನು ತರುವವನು ಹೋದ. ಇಪ್ಪತ್ತು ನಿಮಿಷದ ಕೆಲಸ ಐವತ್ತು ನಿಮಿಷ ಹಿಡಿಯಿತು. ಬಾಗಿಲು ಮುಚ್ಚಿ, ಹೊಸ ಕೀ ತಿರುಗಿಸಿ, ಮೈದುನನ ಬಟ್ಟೆಗಳನ್ನು ಅವನ ಚೀಲಕ್ಕೆ ತುಂಬಿದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆಗಳು. ಮಡಿಕೆ ಕೆಡದಂತೆ ಇಡುತ್ತಿದ್ದಾಳೆಂದು ತನಗೇ ತಿಳಿದು, ಉಳಿದವನ್ನು ತುರುಕಿದಳು.

ಆಗ ಗಂಡನಿಗೆ ಅರ್ಥವಾಯಿತು. "ತಲೆ ಕೆಟ್ಟಿದೆಯಾ ನಿಂಗೆ? ಜನ ಏನಂತಾರೆ?"

ಹೊರಗೆ ಬೀಗದೊಳಗೆ ಕೀ ತೂರಿದ ಸದ್ದು. ಕೀ ತಿರುಗಲಿಲ್ಲ. ಮತ್ತೆ ತೂರಿತು, ಅಲ್ಲಾಡಿತು. "ಅತ್ತಿಗೇ! ಬಾಗಿಲಿಗೆ ಏನಾಗಿದೆ?" ಎಂದು ಮೈದುನ ನಗುವ ದನಿಯಲ್ಲಿ ಕೂಗಿದ. ಆಮೇಲೆ ಅಂಗೈಯಿಂದ ಬಡಿದ.

ಗಂಡ ಎದ್ದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ, ಅದು ಕಷ್ಟವೇನಾಗಲಿಲ್ಲ. ಅವನ ಕೈ ಕೀಯ ಮೇಲಿತ್ತು.

"ಅಪ್ಪಾ, ತೆಗೀಬೇಡ."

ಮಗಳು ಅಡುಗೆಮನೆಯ ಬಾಗಿಲಲ್ಲಿದ್ದಳು. ಉಳಿದ ಒಂದು ಸ್ಕ್ರೂವನ್ನು ಮುಷ್ಟಿಯಲ್ಲಿ ಹಿಡಿದು ಎಷ್ಟು ಬಿಗಿದಿದ್ದಳೆಂದರೆ ಬೆರಳುಗಳು ಬಿಳಿಚಿಕೊಂಡಿದ್ದವು. ಗಂಡ ಮಗಳನ್ನು ನೋಡಿದ. ಈ ಮೂರು ವಾರದಲ್ಲಿ ಅವನು ಅವಳನ್ನು ಹಾಗೆ ನಿಂತು ನೋಡಿದ್ದು ಇದೇ ಮೊದಲಿರಬೇಕು. ಹೊರಗೆ ಮೈದುನ ಬೆಲ್ಲು ಒತ್ತಿ ಹಿಡಿದಿದ್ದ.

"ಇರೋ," ಎಂದು ಗಂಡ ಕೂಗಿದ. "ನಾನೇ ಹೊರಗೆ ಬರ್ತೀನಿ."

ಅಳತೆಯಕ್ಕ ಚೀಲ ಎತ್ತಿ ಗಂಡನ ಕೈಗೆ ಕೊಟ್ಟಳು. ತನ್ನ ಮೈ ಹಿಡಿಸುವಷ್ಟೇ ಬಾಗಿಲು ತೆರೆದು ಅವನು ಹೊರಗೆ ನುಸುಳಿದ. ಅವನು ಮರಳುವಾಗ ಒಬ್ಬನೇ ಬರುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿ ಕೀಯನ್ನು ಎರಡು ಸುತ್ತು ತಿರುಗಿಸಿದಳು.