ಹಿಟ್ಟಿನ ಮಡಕೆಯ ದೊರೆ

ಕೇತಮಾರನಹಳ್ಳಿಯ ಹನುಮಕ್ಕನಿಗೆ ಅನುಮಾನ ಹುಟ್ಟುಗುಣ. ತನ್ನದೇ ಹಸುವಿನ ಹಾಲಿಗೂ ಬೆರಳದ್ದಿ, ನೀರು ಬೆರೆತಿದೆಯೋ ಎಂದು ನೋಡುವ ಹೆಂಗಸು. ಅದೆಲ್ಲ ಹೋಗಲಿ ಬಿಡಿ. ಅವಳ ಎದೆಯಲ್ಲಿ ಮುಳ್ಳಾಗಿ ಕೂತಿದ್ದ ಅನುಮಾನ ಒಂದೇ: ತನ್ನ ಗಂಡ ದೊಡ್ಡಣ್ಣ ಕಳ್ಳನೇ?

ದೊಡ್ಡಣ್ಣ ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಯೊಂದರಲ್ಲಿ ಮಾಲಿಯಾಗಿದ್ದ. ಅಲ್ಲಿನ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹಡಗು ಹತ್ತಿದ ವರ್ಷ ಒಂದು ಹಳೆಯ ಕಂಚಿನ ಫಲಕವನ್ನು ಟವಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ. ಊಟದ ತಟ್ಟೆಯಷ್ಟು ಅಗಲ. ಅದರಲ್ಲಿ ಗುಂಗುರು ಕೂದಲಿನ ಯಾವುದೋ ಕಾಲದ ದೊರೆಯ ಉಬ್ಬುಚಿತ್ರ. ಹೆಗಲಿಂದ ಅಡ್ಡಕ್ಕೆ ಇಳಿದ ಪಟ್ಟಿ, ಎದೆಯ ಮೇಲೆ ನಕ್ಷತ್ರದಂಥ ಬಿರುದಿನ ಪದಕ. ಆ ವರ್ಷದ ಹಿರಿಯರ ಹಬ್ಬದಲ್ಲಿ ಅದನ್ನು ಅಪ್ಪ, ತಾತಂದಿರ ಎಡೆಯ ಸಾಲಿನಲ್ಲಿ ನಿಲ್ಲಿಸಲು ಹೋದಾಗ ಹನುಮಕ್ಕ ಅಡ್ಡ ಬಂದಳು.

"ಕದ್ದ ಮಾಲ್ನ ಹಿರೀಕರ ಮುಂದೆ ಇಕ್ತೀಯಾ?"

ದೊಡ್ಡಣ್ಣ ಅವಳ ಮುಖ ನೋಡಿದ. ಫಲಕವನ್ನು ಮೂಲೆಗಿಟ್ಟ. ಸಾಯುವವರೆಗೂ ಅದರ ಮಾತೆತ್ತಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡವನ ಮೇಲೆ ಅನುಮಾನ ಬಲಿಯದೆ ಇರುತ್ತದೆಯೇ? ಅವನು ಹೋದ ಮೇಲೆ ಹನುಮಕ್ಕ ದೊರೆಯನ್ನು ಮಕಾಡೆ ಮಲಗಿಸಿ, ರಾಗಿಹಿಟ್ಟಿನ ಮಡಕೆಗೆ ಮುಚ್ಚಳ ಮಾಡಿದಳು.

ಅಷ್ಟರಲ್ಲಿ ಊರ ಹೊಲಗಳ ಮೇಲೆ ರಾಜಾಜಿನಗರದ ಹೊಸ ಮನೆಗಳು ಎದ್ದವು. ಒಂದಕ್ಕೆ ನಂಜುಂಡಪ್ಪ ಎಂಬ ಗುಮಾಸ್ತರು ಬಂದರು. ಕರಿಬೇವು ಕೇಳಲು ಬಂದವರು, ತೊಳೆದು ಜಗುಲಿಯಲ್ಲಿ ಒಣಗಲು ಇಟ್ಟಿದ್ದ ಮುಚ್ಚಳ ಕಂಡು ನಿಂತೇಬಿಟ್ಟರು.

"ಇದು ಯಾರದಮ್ಮ? ಎಲ್ಲಿಂದ ಬಂತು?"

ಪೊಲೀಸರ ಕಡೆಯವನೇ ಸರಿ ಎಂದುಕೊಂಡ ಹನುಮಕ್ಕ ಬಾಯಿಗೆ ಬಂದದ್ದನ್ನು ಹೇಳಿದಳು. "ನಮ್ ಮಾವನೋರು ಸಾಮಿ."

ನಂಜುಂಡಪ್ಪ ಗುಂಗುರು ಕೂದಲನ್ನೂ ಪದಕವನ್ನೂ ನೋಡಿದರು. ಮತ್ತೇನೋ ಕೇಳುವಷ್ಟರಲ್ಲಿ ಅವಳು ಅವರ ಕೈಗೆ ಕರಿಬೇವು ತುರುಕಿ ಬಾಗಿಲು ಹಾಕಿಕೊಂಡಳು.

ಹೇಳಿದ ಸುಳ್ಳನ್ನು ಸಾಕಬೇಕಲ್ಲ! ಮಹಾಲಯ ಅಮಾವಾಸ್ಯೆಯ ದಿನ ಆ ಮನುಷ್ಯ ಇಣುಕಿದರೆ ಮಾವ ಸಾಲಿನಲ್ಲಿ ಇರಬೇಕು. ಹನುಮಕ್ಕ ಗೊಣಗುತ್ತಲೇ ಗಂಡನ ಹೆಸರಿನಲ್ಲಿ ಇಟ್ಟ ಹೊಸ ಪಂಚೆಯ ಪಕ್ಕದಲ್ಲಿ ಫಲಕ ನಿಲ್ಲಿಸಿ, ಒಬ್ಬಟ್ಟು, ಕೋಳಿಸಾರು ಬಡಿಸಿದಳು. ನಂಜುಂಡಪ್ಪ ಬಂದೇ ಬಂದರು. ಹೊಸಿಲಲ್ಲಿ ನಿಂತು ಎಡೆಯ ಕಡೆ ನೋಡಿ ಕೈಮುಗಿದರು.

"ಅಂತೂ ದೊಡ್ಡಣ್ಣನ ಆಸೆ ನಡೆಸಿದ್ರಲ್ಲಮ್ಮ."

ಅವಳ ಕೈಯ ಸೌಟು ಅಲ್ಲೇ ನಿಂತಿತು.

"ನಾನೂ ಅದೇ ಬಂಗಲೇಲಿ ಗುಮಾಸ್ತನಾಗಿದ್ದೆ. ಹೊರಡೋವಾಗ ದೊರೆ, ಏನು ಬೇಕೋ ತಗೊಳ್ಳಿ ಅಂದ್ರು. ನಾನು ಕುರ್ಚಿ ತಗೊಂಡೆ, ಬಟ್ಲರ್ ಗಡಿಯಾರ ತಗೊಂಡ. ಗುಜರಿಗೆ ಅಂತ ಎಸೆದಿದ್ದ ಇದನ್ನ ದೊಡ್ಡಣ್ಣ ಕೇಳ್ದ. ದೊರೆಯ ಮುತ್ತಾತನಂತೆ. 'ಬಿಟ್ಟು ಹೋಗ್ತಾವ್ರೆ ಸಾಮಿ, ಪಾಪ, ಈ ಹಿರಿಯಂಗೆ ಎಡೆ ಇಕ್ಕೋರು ಯಾರು' ಅಂದ. ಮೊನ್ನೆ ನೀವು ಮಾವ ಅಂದಾಗ ತಬ್ಬಿಬ್ಬಾದೆ. ಆಮೇಲೆ ಅಂಗಡೀಲಿ ಕೇಳಿದ್ಮೇಲೆ ಇದು ದೊಡ್ಡಣ್ಣನ ಮನೆ ಅಂತ ಗೊತ್ತಾಯ್ತು."

ಹನುಮಕ್ಕ ಅವರನ್ನು ಊಟಕ್ಕೆ ಕೂರಿಸುವುದನ್ನೂ ಮರೆತಳು. ದೊರೆಯ ಮೂಗಿನ ಸಂದಿಯಲ್ಲಿ ಉಳಿದಿದ್ದ ರಾಗಿಹಿಟ್ಟನ್ನು ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಪಂಚೆಯ ಕಡೆ ತಿರುಗಿದಳು.

"ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದು ಗದರಿದಳು.

ಗದರುತ್ತಲೇ ಅಳು ಉಕ್ಕಿತು. ಅವನು ಹೇಳಿದ್ದರೂ ತಾನು ನಂಬುತ್ತಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.