ಸೊಟ್ಟ ಬೆರಳಿನ ಹಿಡಿ

ನನ್ನ ನಾದಿನಿ ವೀಣಾ ಆಟಿಕೆ ಬಂದೂಕುಗಳಿಗೆ ಬಿಡಿಭಾಗ ಮಾಡಿ ಮಾರುತ್ತಾಳೆ ಎಂದರೆ ಪೆರಿಕಲ್ಲೂರಿನಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ. ಇನ್ನರ್ಧ ಜನ ನಂಬಿ, ಮೂವತ್ತಾರು ತುಂಬಿದ ಹೆಣ್ಣು ಮದುವೆಯಾಗುವುದು ಬಿಟ್ಟು ಇದೇನು ಮಾಡುತ್ತಿದೆ ಎಂದು ನನ್ನನ್ನು ಕೇಳುತ್ತಾರೆ. ನನ್ನನ್ನೇನು ಕೇಳುವುದು? ನಾನು ಕಬಿನಿಯ ಆಚೆ ದಡದಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಬಂದಾಗಲೇ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು.

ಕೆಲಸ ಇಷ್ಟೆ. ಪಟ್ಟಣಗಳಲ್ಲಿ ದೊಡ್ಡವರೇ ತಂಡ ಕಟ್ಟಿಕೊಂಡು, ಸ್ಪಂಜಿನ ಗುಂಡು ಹಾರಿಸುವ ಪ್ಲಾಸ್ಟಿಕ್ ಬಂದೂಕು ಹಿಡಿದು ಆಡುತ್ತಾರೆ. ಅಂಗಡಿಯಲ್ಲಿ ಸಿಕ್ಕಿದ್ದು ಅವರಿಗೆ ಸಾಲದು. ಗುರಿ ನೋಡುವ ಕಿಂಡಿ ಬೇಕು, ಗುಂಡು ಸಿಕ್ಕಿಸಿಡುವ ಪಟ್ಟಿ ಬೇಕು, ಕೈಗೆ ಹೊಂದುವ ಹಿಡಿ ಬೇಕು. ವೀಣಾ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸಿ, ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ದಾರ ಕರಗಿಸಿ ಪದರ ಪದರವಾಗಿ ತೆಗೆದು, ಕೊರಿಯರಿಗೆ ಹಾಕುತ್ತಾಳೆ. ಮಳೆಗಾಲದಲ್ಲಿ ಆ ದಾರ ತೇವ ಎಳೆದು ಕೆಡುತ್ತದೆಂದು ಒಮ್ಮೆ ನಾನೇ ಸುರುಳಿಯನ್ನು ಒಲೆಯ ಮೇಲಿನ ಅಟ್ಟಕ್ಕೆ, ಒಣಮೀನಿನ ಪಕ್ಕಕ್ಕೆ ಏರಿಸಿದ್ದೆ. ನಮ್ಮಲ್ಲಿ ಒಣಗಿರಬೇಕಾದ್ದೆಲ್ಲ ಅಲ್ಲೇ ತಾನೆ ಇರುವುದು! ಸಾಮಾನು ಚೆನ್ನಾಗಿದೆ, ಆದರೆ ನಮ್ಮನೆ ಬೆಕ್ಕು ಅದನ್ನು ಬಿಡುತ್ತಿಲ್ಲ ಎಂದು ಪುಣೆಯ ಗಿರಾಕಿಯೊಬ್ಬ ಬರೆದ.

ಪರೀಕ್ಷೆ ಮಾಡಲು ಇದ್ದವನು ಸುಜೀಶ್. ನಮ್ಮ ಬೀದಿಯವನೇ, ಜೀಪು ಓಡಿಸುವವನು, ಮಾತು ಕಡಿಮೆ. ಭಾನುವಾರ ಬೆಳಿಗ್ಗೆ ಬಂದು ಹಲಸಿನ ಮರಕ್ಕೆ ಬಕೆಟ್ಟಿನ ಮುಚ್ಚಳ ಕಟ್ಟಿ, ಮೂವತ್ತು ಅಡಿಯಿಂದ ಹತ್ತು ಗುಂಡು ಹೊಡೆಯುತ್ತಿದ್ದ. ಆಮೇಲೆ ಸಾಮಾನನ್ನು ಜಗಲಿಯಿಂದ ಕಲ್ಲಿನ ಮೇಲೆ ಮೂರು ಸಲ ಬೀಳಿಸುವುದು. ಕೊನೆಗೆ ಜೀಪಿನ ಮುಂಗಾಜಿನ ಹಿಂದೆ ಒಂದು ಹಗಲು ಬಿಸಿಲಿಗೆ ಇಡುವುದು, ಬಾಗಿದರೆ ನಪಾಸು. ಗುರಿ ತಪ್ಪಿದ ಗುಂಡೆಲ್ಲ ನಾನು ಒಣಗಲು ಹರಡಿದ ಕರಿಮೆಣಸಿನ ಮೇಲೆ ಬೀಳುತ್ತಿದ್ದವು. ಆರಿಸಿ ಆರಿಸಿ ನನಗೆ ಸಾಕಾಗಿತ್ತು. ಅವರಿಬ್ಬರಿಗೆ ಮಾತ್ರ ಸಾಕಾಗಲಿಲ್ಲ, ಮೂರು ವರ್ಷ ನಡೆಯಿತು.

ವೀಣಾಗೆ ಅವನೆಂದರೆ ಪ್ರಾಣ. ಇದು ನನಗೆ ಗೊತ್ತಿತ್ತು, ನನ್ನ ಗಂಡ ಗಿರೀಶನಿಗೆ ಗೊತ್ತಿತ್ತು, ಕಡವಿನಲ್ಲಿ ದೋಣಿ ನಡೆಸುವ ದಿವಾಕರನಿಗೂ ಗೊತ್ತಿತ್ತು. ಸುಜೀಶನಿಗೆ ಹೇಳೇ ಎಂದರೆ, “ಮುಂದಿನ್ ಭಾನುವಾರ ಅತ್ತಿಗೆ,” ಎನ್ನುತ್ತಿದ್ದಳು.

ಓಣಂ ಕಳೆದ ವಾರ ಸುಜೀಶನಿಗೆ ಬೇಗೂರಿನಲ್ಲಿ ಕೆಲಸ ಸಿಕ್ಕಿತು, ಕಾಡು ನೋಡಲು ಬರುವವರ ಜೀಪು ಓಡಿಸುವುದು. ಹೊರಡುವ ಹಿಂದಿನ ದಿನ ವೀಣಾ, ಹೊಸ ಹಿಡಿಗೆ ಅಳತೆ ಬೇಕೆಂದು, ನಾನು ಚಪಾತಿಗೆ ಕಲಸಿಟ್ಟಿದ್ದ ಹಿಟ್ಟನ್ನೇ ಎತ್ತಿಕೊಂಡು ಹೋಗಿ ಅವನ ಕೈಗೆ ಕೊಟ್ಟಳು. ಅವನು ಗಟ್ಟಿಯಾಗಿ ಹಿಡಿದ. ಬೆರಳು ಮೂಡಿದ ಗುಳಿಗಳನ್ನು ಅವಳು ಕ್ಯಾಲಿಪರಿನಿಂದ ಒಂದೊಂದಾಗಿ ಅಳೆದು ಬರೆದುಕೊಂಡಳು. ಅಷ್ಟು ಹೊತ್ತು ಅವನು ಪಕ್ಕದಲ್ಲೇ ನಿಂತಿದ್ದ, ಆಗಲೂ ಅವಳು ಹೇಳಲಿಲ್ಲ. ಅವನು ಬೇಗೂರಿಗೆ ಹೋದ, ಹಿಟ್ಟು ಕೋಳಿಗೆ ಹೋಯಿತು.

ಆಮೇಲಿನ ಭಾನುವಾರಗಳನ್ನು ಕಣ್ಣಲ್ಲಿ ನೋಡಲಾಗುತ್ತಿರಲಿಲ್ಲ. ಒಬ್ಬಳೇ ಮುಚ್ಚಳ ಕಟ್ಟುತ್ತಿದ್ದಳು, ಒಬ್ಬಳೇ ಹೊಡೆದು ಒಬ್ಬಳೇ ಬರೆಯುತ್ತಿದ್ದಳು. ರಸ್ತೆಯಲ್ಲಿ ಯಾವ ಜೀಪಿನ ಸದ್ದಾದರೂ ಕತ್ತು ಅತ್ತ ಹೊರಳುತ್ತಿತ್ತು. ಆ ಹಿಡಿಯನ್ನು ಮಾತ್ರ ತಿಂಗಳುಗಟ್ಟಲೆ ಮುತುವರ್ಜಿಯಿಂದ ತಿದ್ದಿ ತೀಡಿ ಮಾಡಿದಳು. ಕೊಯಮತ್ತೂರಿನ ತಂಡವೊಂದು ಹನ್ನೆರಡು ತರಿಸಿಕೊಂಡು ಹನ್ನೆರಡನ್ನೂ ವಾಪಸು ಕಳಿಸಿತು. ಹಿಡಿದರೆ ಎಲ್ಲರಿಗೂ ನಡುಬೆರಳು ನೋಯುತ್ತದಂತೆ.

ನಾನು ಒಂದನ್ನು ಹಿಡಿದು ನೋಡಿದೆ. ನಡುಬೆರಳಿನ ಗುಳಿ ಒಂದು ಕಡೆಗೆ ವಾಲಿತ್ತು. ವರ್ಷಗಳ ಹಿಂದೆ ಜಾಕ್ ಜಾರಿ ಸುಜೀಶನ ನಡುಬೆರಳು ಸೊಟ್ಟಗಾದದ್ದು ಊರಿಗೇ ಗೊತ್ತು.

“ನಿಮ್ಮಣ್ಣನ್ ಕೈ ಇರ್ಲಿಲ್ವಾ? ನನ್ ಕೈ ಇರ್ಲಿಲ್ವಾ? ಲೋಕದೋರೆಲ್ಲಾ ಅವ್ನ್ ಬೆರಳ್ ಇಟ್ಕಂಡ್ ಹುಟ್ಟವ್ರಾ?” ಎಂದು ರೇಗಿದೆ.

“ಬೇರೆ ಕೈ ಅಳೀಬೇಕು ಅಂತ ತೋಚ್ಲೇ ಇಲ್ಲ ಅತ್ತಿಗೆ,” ಎಂದಳು. ಕಣ್ಣು ತುಂಬಿಕೊಂಡಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಐದು ಜನರ ಕೈ ಅಳೆದು ಹೊಸದಾಗಿ ಹಿಡಿ ಮಾಡಿದಳು. ಅದನ್ನು ಪರೀಕ್ಷೆ ಮಾಡಲು ಬಾ ಎಂದು ಸುಜೀಶನಿಗೆ ಫೋನ್ ಮಾಡಿಸಿದವಳು ನಾನೇ. ಈ ಸಲ ಹೇಳದಿದ್ದರೆ ನಿನ್ನ ಜೊತೆ ಮಾತು ಬಿಡುತ್ತೇನೆ ಎಂದೆ. ಅವಳು ನನ್ನ ಕೈ ಮುಟ್ಟಿ ಭಾಷೆ ಕೊಟ್ಟಳು.

ಮುಂದಿನ ಭಾನುವಾರ ಅವನು ಬಂದ. ಹತ್ತು ಗುಂಡು ಹೊಡೆದ, ನಾಲ್ಕು ಮೆಣಸಿಗೆ ಬಿದ್ದವು. ನಾನು ಮೆಣಸು ಕೈಯಾಡಿಸುತ್ತ ಅಲ್ಲೇ ಕೂತಿದ್ದೆ. ಎದ್ದು ಹೋಗಬೇಕಿತ್ತು, ಮನಸ್ಸಾಗಲಿಲ್ಲ.

“ಇದು ನನ್ ಕೈಗ್ ಕೂರಲ್ಲ ವೀಣಾ,” ಎಂದ.

“ಅದು ಊರೋರ್ ಕೈಗೆ.” ಒಳಗೆ ಹೋಗಿ ಹಳೆಯ ಹಿಡಿ ತಂದುಕೊಟ್ಟಳು. “ಇದು ನಿಂದು. ಇದ್ನ ಇನ್ಮೇಲ್ ಮಾರಲ್ಲ.”

ಅವನು ಹಿಡಿದ. ಬೆರಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಅವನು ಅದನ್ನೇ ನೋಡುತ್ತ ನಿಂತ.

“ನಂಗ್ ನೀನ್ ಬೇಕು ಸುಜೀಶ್,” ಎಂದಳು ವೀಣಾ.

ಇಷ್ಟು ಸಲೀಸಾಗಿ ಬರುವ ಮಾತಿಗೆ ಮೂರು ವರ್ಷ ಬೇಕಿತ್ತೇ!

“ಚಿಂಗಂ ತಿಂಗ್ಳಲ್ಲಿ, ಓಣಂ ಹೊತ್ಗೆ, ನನ್ ಕಲ್ಯಾಣ,” ಎಂದ ಅವನು. “ಅಮ್ಮ ಮಾನಂದವಾಡಿಲಿ ಹುಡ್ಗಿ ನೋಡಿ ಮಾತ್ ಕೊಟ್ಟವ್ರೆ. ಅದ್ನ ಹೇಳಕ್ಕೇ ಬಂದೆ.”

“ಸರಿ,” ಎಂದಳು. ಆಮೇಲೆ ಕೇಳಿದಳು, “ನಾನ್ ಮುಂಚೇನೇ ಹೇಳಿದ್ದಿದ್ರೆ?”

“ಬೇಗೂರಿಗ್ ಹೋಗ್ತಾನೇ ಇರ್ಲಿಲ್ಲ.”

ಇವನ ಬಾಯಿಗೇನಾಗಿತ್ತು, ಇವನೇ ಒಂದು ಮಾತು ಕೇಳಬಹುದಿತ್ತಲ್ಲ ಎಂದು ಎದ್ದು ಬೈಯೋಣ ಎನಿಸಿತು. ಅವನ ಮುಖ ನೋಡಿ ಮತ್ತೆ ಮೆಣಸಿಗೆ ಕೈ ಹಾಕಿದೆ. ಹಿಡಿಯನ್ನು ಜಗಲಿಯ ಮೇಲಿಟ್ಟು, ನನಗೆ ಬರ್ತೀನಿ ಎಂದು ಹೇಳಿ ಹೊರಟ. ಜೀಪಿನ ಸದ್ದು ಪುಲ್ಪಳ್ಳಿ ರಸ್ತೆ ಹಿಡಿದು ದೂರವಾಯಿತು.

ವೀಣಾ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮೆಣಸಿನೊಳಗಿಂದ ನಾಲ್ಕು ಗುಂಡುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು.

“ಮೂರು ವರ್ಷ ಇಲ್ಲೇ ಇದ್ದ ಅತ್ತಿಗೆ,” ಎಂದಳು. “ಈ ಅಂಗ್ಳದಲ್ಲೇ.”