ಮತ್ತೊಮ್ಮೆ ಕರೆಯುವ ಕೆಲಸ

ಕ್ವೀನ್ಸ್‌ಬರಿಯ ನಮ್ಮ ಗೋದಾಮಿನಿಂದ ಆಸ್ಪತ್ರೆಗಳಿಗೆ ಬ್ಯಾಂಡೇಜು, ಕೈಗವಸು, ಸಿರಿಂಜು ಹೋಗುತ್ತವೆ. ದಾಸ್ತಾನು ನೋಡಿಕೊಳ್ಳುವುದು ಮೂಲೆಯಲ್ಲಿ ಕೂತ ಒಂದು ಹಳೆಯ ಕಂಪ್ಯೂಟರ್. ತೀರಾ ದೊಡ್ಡದಲ್ಲ, ಮೇಜಿನ ಮೇಲೆ ಹಿಡಿಸುವಂಥದೂ ಅಲ್ಲ, ಮದುವೆಮನೆಯ ಹಂಡೆಯಷ್ಟಿದೆ. ಸರಕು ಕಳಿಸುವವರ ಡೇಟಾಬೇಸ್‌ಗಳೆಲ್ಲ ದೂರದೂರದಲ್ಲಿವೆ, ಬೇರೆ ಬೇರೆ ಕಂಪನಿಗಳು ಮಾಡಿದವು, ಒಂದೊಂದಕ್ಕೂ ಒಂದೊಂದು ರೀತಿರಿವಾಜು. ಬೆಳಿಗ್ಗೆ ಏಳಕ್ಕೆ ನಮ್ಮ ಯಂತ್ರ ಅವನ್ನು ಒಂದೊಂದಾಗಿ ಕರೆದು, ಯಾವ ಮಾಲು ಎಷ್ಟಿದೆಯೆಂದು ಕೇಳಬೇಕು. ಹಾಗೆ ಕೇಳಿಸುವುದೇ ನನ್ನ ಉದ್ಯೋಗ.

ಅತ್ತಲಿಂದ ಉತ್ತರ ಬಾರದಿದ್ದರೆ ಯಂತ್ರ ಆಗೆಲ್ಲ ತಾನಾಗಿ ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಪ್ರಶ್ನೆ ಹಾಕಿ ಕಾಯುತ್ತಿತ್ತು: ಮತ್ತೆ ಕರೆಯಲೋ, ಬಿಟ್ಟುಬಿಡಲೋ? ಅದಕ್ಕೆ ಉತ್ತರ ಒತ್ತುತ್ತಿದ್ದವರು ನಾನು ಅಕ್ಕ ಎಂದು ಕರೆಯುತ್ತಿದ್ದ ಸಹೋದ್ಯೋಗಿ. ಧಾರವಾಡದವರು, ಡಾಕ್ಟರ್ ಗಂಡನ ಜೊತೆ ಈ ದೇಶಕ್ಕೆ ಬಂದು, ನಾನು ಸೇರುವ ಎಷ್ಟೋ ವರ್ಷ ಮೊದಲೇ ಆ ಪರದೆಯ ಮುಂದೆ ಕೂತವರು. ನಾನೋ ಅಜ್ಜಿ ಕಲಿಸಿದ ಮೈಸೂರು ಕನ್ನಡ ಹೊತ್ತು ವೀಸಾದ ಮೇಲೆ ಬಂದವನು.

ಮೊದಲ ವಾರ ಒಂದು ಡೇಟಾಬೇಸ್ ಸಿಗಲೇ ಇಲ್ಲ. “ಬಿಟ್ಬಿಡಿ ಅಕ್ಕ, ಮುಂದಿನದಕ್ಕೆ ಹೋಗೋಣ” ಎಂದೆ.

“ಏನ ಅವಸರ ಅದ ನಿನಗ? ಆ ಕಡೆಯಾಂವ ಇನ್ನೂ ಮಾರಿ ತೊಳಕೊಂಡಿರೂದಿಲ್ಲ. ಮನಿಗೆ ಬಂದವರು ಒಂದ ಸಲ ಬ್ಯಾಡ ಅಂದ್ರ ಉಪ್ಪಿಟ್ಟಿನ ತಾಟು ಒಳಗ ಒಯ್ತೀಯೇನು?”

“ನಮ್ಮನೇಲೂ ಇನ್ನೊಂದು ಸಲ ಕೇಳ್ತೀವಿ ಅಕ್ಕ.”

“ಗೊತ್ತದ, ಗೊತ್ತದ. ‘ಕಾಫಿ ಕುಡ್ಕೊಂಡೇ ಬಂದಿರ್ಬೇಕಲ್ವಾ?’ ಅಂತ ಕೇಳ್ತೀರಿ. ಮೈಸೂರು ಮಂದಿ!”

ಅಕ್ಕನ ಪದ್ಧತಿ ಎಂದರೆ ಮೂರು ಸಲ ಕರೆಯುವುದು, ಆಮೇಲೆ ಚಹಾ, ಆಮೇಲೆ ನಾಲ್ಕನೆಯ ಸಲ. ಬಹುಪಾಲು ನಾಲ್ಕಕ್ಕೆ ಅತ್ತಲವನು ಒಲಿಯುತ್ತಿದ್ದ. ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಒಂದಿಷ್ಟು ಚಹಾ. ಆ ಹತ್ತು ನಿಮಿಷ ಅವರ ಮಾತು ಕೇಳಲೆಂದೇ, ಇವತ್ತು ಯಾವುದಾದರೊಂದು ಕೈಕೊಡಲಪ್ಪ ಎಂದು ನಾನು ಬೇಡಿಕೊಂಡದ್ದೂ ಉಂಟು.

ಹಾಗಿದ್ದೂ ನನ್ನ ಕೈ ಸುಮ್ಮನಿರಲಿಲ್ಲ. ಅಕ್ಕ ಮಾಡುತ್ತಿದ್ದುದನ್ನೇ ಒಂದು ಪ್ರೋಗ್ರಾಮ್ ಮಾಡಿ ಬರೆದೆ: ಮೂರು ಸಲ ಕರೆ, ಹತ್ತು ನಿಮಿಷ ತಡೆ, ಮತ್ತೆ ಕರೆ. ಇನ್ನು ಮತ್ತೆ ಕರೆಯಲೋ ಬಿಡಲೋ ಎಂದು ಯಂತ್ರ ಯಾರನ್ನೂ ಕೇಳಬೇಕಾಗಿಲ್ಲ. ಮ್ಯಾನೇಜರ್‌ಗೆ ಬಹಳ ಖುಷಿ. “ಆಕೆಗೆ ಪ್ಯಾಕಿಂಗ್ ವಿಭಾಗದಲ್ಲಿ ಬೇರೆ ಕೆಲಸ ಕೊಡೋಣ, ನೀನೇ ಕೇಳಿ ನೋಡು” ಎಂದರು.

ಕೇಳಿದೆ. ಲಿಫ್ಟಿನ ಹತ್ತಿರ, ನಿಂತುಕೊಂಡೇ.

“ಬ್ಯಾಡ ಬಿಡೋ ತಮ್ಮಾ. ವಯಸ್ಸಾತು. ಇನ್ನ ಮನ್ಯಾಗ ಕೂಡ್ತೀನಿ.”

“ಸರಿ ಅಕ್ಕ” ಎಂದೆ.

ಲಿಫ್ಟ್ ಬಂತು. ಒಳಗೆ ಹೋದ ಅಕ್ಕ ತಿರುಗಿ ನಿಂತು, ಇವನು ಇನ್ನೂ ಏನೋ ಹೇಳುತ್ತಾನೆ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಬಾಗಿಲು ಮುಚ್ಚಿತು. ನಾನು ಸೀಟಿಗೆ ಬಂದು, ಆಕೆಗೆ ಬೇಡವಂತೆ ಎಂದು ಮೇಲ್ ಬರೆದೆ. ಯಂತ್ರಕ್ಕೆ ನಾಲ್ಕು ಸಲ ಕೇಳಲು ಕಲಿಸಿದವನು ಅಕ್ಕನನ್ನು ಒಂದೇ ಸಲ ಕೇಳಿದ್ದೆನೆಂಬುದು ಹೊಳೆಯಲು ನನಗೆ ಚಳಿಗಾಲ ಮುಗಿಯಬೇಕಾಯಿತು. ಅಷ್ಟರಲ್ಲಿ ಫೋನ್ ಮಾಡಲು ಮುಖವೇ ಉಳಿದಿರಲಿಲ್ಲ.

ಅಕ್ಕ ಈಗ ರೇನರ್ಸ್ ಲೇನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಟ್ಯೂಬ್ ರೈಲು ಹಿಡಿದರೆ ಮುಕ್ಕಾಲು ಗಂಟೆ ಬೇಡ. ಅವರನ್ನು ನೋಡಿ ಎರಡು ವರ್ಷವಾಯಿತು. ಶನಿವಾರ ಅಲ್ಲಿನ ದಿನಸಿ ಅಂಗಡಿಗೆ ಹೋಗಿ ಜೋಳದ ಹಿಟ್ಟಿನ ಮುಂದೆ ಬೇಕೆಂದೇ ನಿಲ್ಲುತ್ತೇನೆ, ಅವರು ಅದಕ್ಕೆಂದು ಬಂದಾರೆಂದು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮನೆಯಲ್ಲಿ ಆಗಲೇ ನಾಲ್ಕು ಪೊಟ್ಟಣ ಕೂತಿವೆ.

ಇವತ್ತು ಬೆಳಿಗ್ಗೆ ಯಂತ್ರ ತನ್ನ ಕರೆಗಳನ್ನೆಲ್ಲ ಏಳೂಕಾಲಿಗೇ ಮುಗಿಸಿತ್ತು. ಪರದೆ ಖಾಲಿ. ಅಕ್ಕನ ಕುರ್ಚಿಯಲ್ಲಿ ಕೂತು ಅವರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ. ಎತ್ತಲಿಲ್ಲ.

ಎದ್ದು ಹೋಗಿ ಕೆಟಲ್‌ಗೆ ನೀರು ತುಂಬಿದೆ. ಚಹಾ ಕುಡಿದು ನಾಲ್ಕನೆಯ ಸಲ ಮಾಡಬೇಕು. ಎತ್ತಿದರೆ, ಉಪ್ಪಿಟ್ಟು ಮಾಡ್ತೀನಿ, ಮನೆಗೆ ಬನ್ನಿ ಅಕ್ಕ ಎನ್ನಬೇಕು. ಅವರು “ಬ್ಯಾಡ ಬಿಡೋ” ಅನ್ನಬೇಕು. ನಾನು ಮತ್ತೆ ಕೇಳಬೇಕು.